ಮನ್ನಾ ಬೇಡವೆಂದ ವಿಮಲಾಕ್ಷಿ

ಗರುಡಾಚಾರ್‌ಪಾಳ್ಯದ ಗೇರ್ ಕಾರ್ಖಾನೆಯಲ್ಲಿ ವಿಮಲಾಕ್ಷಿಯ ಕಿಟಕಿ ದಾಟದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಅವಳದು ಟೈಮ್ ಆಫೀಸು. ಕಾರ್ಮಿಕರು ಒಬ್ಬೊಬ್ಬರಾಗಿ ಬಂದು ಗೋಡೆಯ ಗಡಿಯಾರದ ಬಾಯಿಗೆ ಕಾರ್ಡು ತುರುಕಿ ಹೊತ್ತು ಒತ್ತಿಸಿಕೊಂಡು ಹೋಗುವುದನ್ನು ನೋಡುತ್ತ ಕೂರುವುದು, ತಿಂಗಳ ಕೊನೆಗೆ ಆ ಕಾರ್ಡುಗಳ ಮೇಲೆ ಹಾಜರಿ ಬರೆಯುವುದು ಅವಳ ಕೆಲಸ. ಗದಗಿನಲ್ಲಿ ಡಿಪ್ಲೊಮಾ ಮುಗಿಸಿ ಎಂಬತ್ತೊಂಬತ್ತರಲ್ಲಿ ಇಲ್ಲಿಗೆ ಸೇರಿದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಯಾಕ ಆಗಬೇಕು ಅಂತ ನೀವು ಹೇಳ್ರಿ, ಆಮೇಲೆ ನಾ ಹೇಳ್ತೀನಿ" ಅನ್ನುತ್ತಿದ್ದಳು. ಎರಡನೆಯ ಸಲ ಯಾರೂ ಕೇಳುತ್ತಿರಲಿಲ್ಲ.

ತೊಂಬತ್ನಾಲ್ಕರಲ್ಲಿ ಒಂದು ಸಂಗತಿ ನಡೆದಿತ್ತು. ಯೂನಿಯನ್ನಿನಲ್ಲಿ ದೊಡ್ಡ ದನಿಯ ಒಬ್ಬ ಮನುಷ್ಯ ಮನೆಯಲ್ಲಿ ಮಲಗಿರುತ್ತಿದ್ದ, ಅವನ ಕಾರ್ಡನ್ನು ಗೆಳೆಯ ಒತ್ತುತ್ತಿದ್ದ. ವಿಮಲಾಕ್ಷಿ ಕಂಡುಹಿಡಿದು ನಾಲ್ಕು ದಿನದ ಗೈರುಹಾಜರಿ ಹಾಕಿದಳು. ಮೂರು ದಿನ ಕಿಟಕಿಯ ಮುಂದೆ ಘೋಷಣೆ ನಡೆಯಿತು. ಮ್ಯಾನೇಜರೇ ಬಂದು, "ಹೋಗ್ಲಿ ಬಿಡಮ್ಮಾ, ಹಾಜರಿ ಹಾಕ್ಬಿಡು" ಅಂದರು. "ನೀವ ಬರೆದು ನೀವ ಸಹಿ ಮಾಡ್ರಿ ಸರ್, ನನ್ನ ಕೈಯಿಂದ ಆಗೂದಿಲ್ಲ" ಅಂದಳು. ಯಾರೂ ಬರೆಯಲಿಲ್ಲ. ಆ ನಾಲ್ಕು ದಿನದ ಸಂಬಳ ಹೋಗಿಯೇ ಹೋಯಿತು.

ಹಲಸೂರಿನ ವಠಾರವೊಂದರಲ್ಲಿ ಒಂದೇ ಕೋಣೆಯ ಮನೆ. ಅಲ್ಲಿಂದ ಬಸ್ಸು, ಬಸ್ಸಿನಿಂದ ಕಾರ್ಖಾನೆ, ಮತ್ತೆ ಬಸ್ಸು. ಹೀಗೆ ಹತ್ತೊಂಬತ್ತು ವರ್ಷ ಕಳೆದ ಮೇಲೆ, ೨೦೦೮ರ ಬೇಸಿಗೆಯಲ್ಲಿ, ಕೆ.ಆರ್. ಪುರದಲ್ಲಿ ರೈಲು ಹಳಿಯ ಆಚೆ ಎರಡು ಕೋಣೆಯ ಸಣ್ಣ ಮನೆಯೊಂದನ್ನು ನೋಡಿ ಬಂದಳು. ನೆಲಕ್ಕೆ ಕೆಂಪು ಗಾರೆ, ಹಿಂದೆ ಬಟ್ಟೆ ಒಣಗಿಸಲು ಜಾಗ, ಸ್ವಂತ ನಲ್ಲಿ. ನಲ್ಲಿಯನ್ನು ತಿರುಗಿಸಿ ನೋಡಿದಳು, ನೀರು ಬಂತು. ವಠಾರದಲ್ಲಿ ಕೊಡ ಹಿಡಿದು ಸರದಿ ನಿಂತವರಿಗೆ ಗೊತ್ತು ಅದೆಂಥ ಸುಖವೆಂದು. ಉಳಿತಾಯದಲ್ಲಿ ಅರ್ಧ ಇತ್ತು, ಉಳಿದರ್ಧಕ್ಕೆ ಇಂದಿರಾನಗರದ ಬ್ಯಾಂಕಿನಲ್ಲಿ ಗೃಹಸಾಲದ ಅರ್ಜಿ ಹಾಕಿದಳು.

ಅರ್ಜಿ ನೋಡುತ್ತಿದ್ದ ಅಧಿಕಾರಿ ರವಿಕಿರಣ, ಮೂವತ್ತರ ಆಸುಪಾಸಿನವನು. ಎರಡು ವಾರದ ನಂತರ ಅವಳನ್ನು ಕರೆಸಿ, ಮುಖ ನೋಡಲಾಗದವನಂತೆ ಕಂಪ್ಯೂಟರನ್ನೇ ನೋಡುತ್ತ ಹೇಳಿದ:

"ಮೇಡಂ, ಲೋನ್ ಆಗಲ್ಲ. ನಿಮ್ಮ ಹೆಸರಲ್ಲಿ ಒಂದು ಕ್ರೆಡಿಟ್ ಕಾರ್ಡು, ಒಂದು ಪರ್ಸನಲ್ ಲೋನು ಇದೆ. ಎರಡೂ ಕಟ್ಟಿಲ್ಲ. ಎರಡು ವರ್ಷದಿಂದ ಡಿಫಾಲ್ಟು."

"ನನ್ನ ಹೆಸರಲ್ಲಿ ಯಾವ ಕಾರ್ಡೂ ಇಲ್ಲ."

"ಮರ್ತಿರ್ಬಹುದು ಮೇಡಂ, ತುಂಬಾ ಜನಕ್ಕೆ ಹಾಗಾಗುತ್ತೆ."

ವಿಮಲಾಕ್ಷಿಯ ದನಿ ಏರಲಿಲ್ಲ, ಆದರೆ ಗದಗು ಎದ್ದು ಬಂತು. "ತಮ್ಮಾ, ಹದಿನಾಲ್ಕು ವರ್ಷದ ಹಿಂದ ಯಾವ ದಿನ ಯಾರು ತಡವಾಗಿ ಬಂದ್ರು ಅಂತ ಈಗ ಕೇಳಿದ್ರೂ ಹೇಳ್ತೀನಿ ನಾನು. ಸಾಲ ತಗೊಂಡಿದ್ದು ಮರೀತೀನೇನು? ಎಲ್ಲಿ ಬರದೈತಿ, ತೋರಸು."

ತೋರಿಸುವಂತಿಲ್ಲವೆಂದು ಅವನು ತಡವರಿಸಿದ. ಸಾಲ ಕೊಡುವ ಸಂಸ್ಥೆಗಳೆಲ್ಲ ತಮ್ಮ ಗಿರಾಕಿಗಳ ವಿವರವನ್ನು ಒಂದೆಡೆ ಕೂಡಿಸಿಡುವ ವ್ಯವಸ್ಥೆ ಬಂದು ಆಗಿನ್ನೂ ನಾಲ್ಕೈದು ವರ್ಷ. ತನ್ನ ಹೆಸರಿನದೊಂದು ಕಡತ ಎಲ್ಲೋ ಇದೆ, ಅದರಲ್ಲಿ ತನ್ನನ್ನು ಕೇಳದೆ ಏನೇನೋ ಬರೆಯುತ್ತಿದ್ದಾರೆ ಎಂಬುದೇ ವಿಮಲಾಕ್ಷಿಗೆ ಅವತ್ತು ತಿಳಿದದ್ದು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಮಧ್ಯಾಹ್ನದವರೆಗೂ ಕೂತಳು. ಕೊನೆಗೆ ರವಿಕಿರಣ ಮೇಲಿನವರನ್ನು ಕೇಳಿಕೊಂಡು ಬಂದು, ಹೊಸ ಕಾನೂನಿನಲ್ಲಿ ಸಾಲ ನಿರಾಕರಿಸಿದವರಿಗೆ ಆ ವರದಿಯ ಪ್ರತಿ ಕೇಳುವ ಹಕ್ಕಿದೆಯಂತೆ, ಬರೆದು ಕೊಡಿ ಎಂದ. ಬರೆದು ಕೊಟ್ಟಳು. ಒಂಬತ್ತನೆಯ ದಿನ ಮೂರು ಹಾಳೆ ಕೈಗೆ ಬಂತು. ಹೆಸರು ಅವಳದು, ಹುಟ್ಟಿದ ದಿನ ಅವಳದು, ಪ್ಯಾನ್ ನಂಬರು ಅವಳದು. ವಿಳಾಸ ಮಾತ್ರ ಹೊರಮಾವಿನ ಯಾವುದೋ ಅಪಾರ್ಟ್‌ಮೆಂಟಿನದು. ಹೊರಮಾವಿಗೆ ಅವಳು ಒಮ್ಮೆಯೂ ಹೋದವಳಲ್ಲ.

ಕಾರ್ಡು, ಸಾಲ ಎರಡನ್ನೂ ಕೊಟ್ಟಿದ್ದು ಒಂದೇ ಬ್ಯಾಂಕು, ಅಲ್ಲಿಗೆ ಫೋನು ಮಾಡಿದಳು. ಆ ಕಡೆಯ ಹುಡುಗಿ ಎಲ್ಲ ಕೇಳಿ, "ನಿಮ್ಮ ನಂಬರು, ಕೆಲಸ ಮಾಡೋ ಜಾಗ ಹೇಳಿ ಮೇಡಂ, ಸಂಬಂಧಪಟ್ಟವರು ಸಂಪರ್ಕಿಸ್ತಾರೆ" ಎಂದಳು. ಸಂಬಂಧಪಟ್ಟವರು ಮುಂದಿನ ವಾರವೇ ಸಂಪರ್ಕಿಸಿದರು. ಮೊದಲ ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಒಂದು ಬೈಕಿನ ಮೇಲೆ ಇಬ್ಬರು ವಸೂಲಿಯವರು ಗೇಟಿಗೆ ಬಂದು, ನೂರಾರು ಜನರ ಎದುರಿಗೆ ಕೂಗತೊಡಗಿದರು.

"ಎಲ್ರೀ ಆ ವಿಮಲಾಕ್ಷಿ? ಬ್ಯಾಂಕ್ ದುಡ್ಡು ತಿಂದು ಒಳಗೆ ಕೂತ್ಕೊಂಡ್ರೆ ಬಿಟ್ಬಿಡ್ತೀವಾ?"

ಸೆಕ್ಯುರಿಟಿಯವನು ಬಾಗಿಲು ಹಾಕಲು ಓಡಿದ. ವಿಮಲಾಕ್ಷಿ ಅವನನ್ನು ತಡೆದು, ಸಂದರ್ಶಕರ ರಿಜಿಸ್ಟರನ್ನು ಎತ್ತಿಕೊಂಡು ತಾನೇ ಹೊರಗೆ ಹೋದಳು. ಬೈಕಿನ ಸೀಟಿನ ಮೇಲೆ ಅದನ್ನು ಬಿಚ್ಚಿಟ್ಟು ಪೆನ್ನು ಮುಂದೆ ಹಿಡಿದಳು.

"ನಾನೇ ವಿಮಲಾಕ್ಷಿ. ಮೊದಲು ಹೆಸರು ಬರೀರಿ. ಯಾವ ಏಜೆನ್ಸಿ, ಯಾರು ಕಳಿಸಿದ್ರು, ಬಂದ ಹೊತ್ತು. ಇಲ್ಲಿ ಸಹಿ. ಆಮೇಲೆ ಎಷ್ಟು ಬೇಕೋ ಅಷ್ಟು ಕೂಗ್ರಿ, ಅದನ್ನೂ ಬರ್ಕೋತೀನಿ."

ಒಬ್ಬ ನಕ್ಕ. ಇನ್ನೊಬ್ಬ ಪೆನ್ನಿನ ಕಡೆ ನೋಡಿದ, ಸುತ್ತ ನಿಂತಿದ್ದ ಜನರ ಕಡೆ ನೋಡಿದ. "ಇನ್ನೊಂದ್ಸಲ ಬರ್ತೀವಿ" ಎಂದು ಬೈಕು ತಿರುಗಿಸಿದರು. ಅವಳು ಬೈಕಿನ ನಂಬರನ್ನಾದರೂ ಬರೆದುಕೊಂಡಳು. ಒಳಗೆ ಬಂದು ಕೂತು ಆ ನಂಬರಿನ ಮುಂದೆ ಹೊತ್ತು ಬರೆದಳು. ಸಾಲಗಾರಳು ಎಂಬ ಮಾತು ಬೀಳಬಾರದೆಂದೇ ಹತ್ತೊಂಬತ್ತು ವರ್ಷ ಒಬ್ಬರ ಹತ್ತಿರ ಬಸ್ ಚಾರ್ಜಿಗೂ ಕೈಚಾಚದೆ ಬದುಕಿದವಳು ಅವಳು.

ಮರುದಿನ ಊಟದ ಬಿಡುವಿನಲ್ಲಿ ಜಟ್ಟೆಪ್ಪ ಬಂದ. ಗೇರುಗಳನ್ನು ಕುಲುಮೆಯಲ್ಲಿ ಕಾಯಿಸುವ ಹೀಟ್ ಟ್ರೀಟ್‌ಮೆಂಟ್ ವಿಭಾಗದವನು, ಸಿಂದಗಿ ಕಡೆಯವನು, ಮಾತು ಕಮ್ಮಿ. ಕಿಟಕಿಯ ಬಳಿ ನಿಂತು ಆಚೀಚೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ:

"ಅಕ್ಕಾರ, ಆ ಇಬ್ರು ನಮ್ಮನಿಗೂ ಬರ್ತಾರ್ರಿ."

"ನೀ ಏನು ಸಾಲ ಮಾಡೀದಿ?"

"ಮಾಡಿಲ್ರಿ. ಆದ್ರ ಕಟ್ಟಾಕತ್ತೀನಿ. ಹದಿನಾಲ್ಕು ತಿಂಗಳಾತು. ಮನಿ ಮುಂದ ನಿಂತು ಬೈತಾರ, ಹೆಂಡ್ತಿ ಅಳ್ತಾಳ. ಮಗಳ ಮದುವಿ ಐತಿ. ಓಣ್ಯಾಗ ಮಾತು ಬಂದ್ರ ಹೆಂಗ್ರಿ?"

ವಿಮಲಾಕ್ಷಿಗೆ ಅವನ ಮೇಲೆಯೇ ಸಿಟ್ಟು ಬಂತು, ಮರುಕ್ಷಣ ಇಳಿಯಿತು. ವಸೂಲಿಯವರು ಅವನ ಮನೆ ಹುಡುಕಿ ಬಂದು ಕೊಟ್ಟಿದ್ದ ನೋಟೀಸನ್ನು ಇಸಿದುಕೊಂಡು ವಿಳಾಸ ನೋಡಿದಳು. ಹೊರಮಾವು. ಅದೇ ಅಪಾರ್ಟ್‌ಮೆಂಟು, ಅದೇ ಮನೆ ನಂಬರು.

ಭಾನುವಾರ ಇಬ್ಬರೂ ಅಲ್ಲಿಗೆ ಹೋದರು. ಕೆರೆಯ ಬದಿಗೆ ಹೊಸದಾಗಿ ಎದ್ದ ನಾಲ್ಕಂತಸ್ತಿನ ಕಟ್ಟಡ. ಬಾಗಿಲು ತೆರೆದವಳು ಶೀತಲ್ ಎಂಬ ಬಾಡಿಗೆದಾರ ಹೆಂಗಸು, ಬೆಳಗಾವಿಯಿಂದ ಬಂದು ವರ್ಷವಾಗಿತ್ತು. ಹಿಂದೆ ಇದ್ದವರು ಯಾರೋ ಅವಳಿಗೆ ಗೊತ್ತಿಲ್ಲ, ಮನೆಯ ಮಾಲೀಕರು ದುಬೈಯಲ್ಲಿದ್ದರು. ವಿಮಲಾಕ್ಷಿಯ ಹೆಸರು ಕೇಳಿದ್ದೇ ತಡ, "ಅಯ್ಯೋ, ನೀವು ನಿಜವಾಗ್ಲೂ ಇದ್ದೀರಾ!" ಅಂದಳು.

ಒಳಗಿನಿಂದ ಒಂದು ಬಟ್ಟೆ ಚೀಲ ತಂದು ಮೇಜಿನ ಮೇಲೆ ಸುರಿದಳು. ಬಂದಾಗಿನಿಂದ ಬಂದ ಲಕೋಟೆಗಳು, ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದಳಂತೆ. ಬೇರೆಬೇರೆ ಹೆಸರು, ಎಲ್ಲದಕ್ಕೂ ಅದೇ ವಿಳಾಸ. ವಿಮಲಾಕ್ಷಿ ಒಂದೊಂದನ್ನೇ ತೆಗೆದು ಬದಿಗಿಡುತ್ತ ಹೋದಳು. ಜಟ್ಟೆಪ್ಪನದು. ಮಲ್ಲಪ್ಪನದು. ಅಹ್ಮದ್ ಪಾಷಾನದು. ಯಂಕಮ್ಮನದು. ಅವರ ಹಾಜರಿ ಕಾರ್ಡಿನ ಟೋಕನ್ ನಂಬರುಗಳು ತಾವಾಗಿಯೇ ನಾಲಗೆಗೆ ಬಂದವು. ಎಲ್ಲರೂ ಅವಳ ಕಾರ್ಖಾನೆಯವರು, ತಾನೂ ಸೇರಿ ಒಟ್ಟು ಹನ್ನೊಂದು ಜನ.

ಆಗ ಅವಳಿಗೆ ನೆನಪಾಯಿತು. ಎರಡು ಸಾವಿರದ ಐದರ ಜುಲೈ. ಟೈ ಕಟ್ಟಿದ್ದ ಒಬ್ಬ ಯುವಕ ಕ್ಯಾಂಟೀನಿನ ಬಾಗಿಲಲ್ಲಿ ಮೇಜು ಹಾಕಿಕೊಂಡು, ಖರ್ಚಿಲ್ಲದೆ ಸಂಬಳದ ಖಾತೆ ತೆರೆದು ಕೊಡುತ್ತೇನೆ ಎಂದಿದ್ದ. ಆಡಳಿತ ಕಚೇರಿಯಿಂದ ಟೈಮ್ ಆಫೀಸಿಗೆ ಚೀಟಿ ಬಂದಿತ್ತು: ಇಚ್ಛೆಯುಳ್ಳವರ ಪ್ಯಾನ್, ರೇಷನ್ ಕಾರ್ಡು, ಸಂಬಳದ ಚೀಟಿಯ ಜೆರಾಕ್ಸ್ ಕೂಡಿಸಿ ಕೊಡುವುದು. ಮೂವತ್ತೆರಡು ಜನ ಕೊಟ್ಟಿದ್ದರು, ತನ್ನದೂ ಸೇರಿಸಿ. ಅಷ್ಟನ್ನೂ ಕಂದು ಲಕೋಟೆಗೆ ಹಾಕಿ, ದಾರ ಸುತ್ತಿ, ಅವನ ಕೈಗಿಟ್ಟವಳು ಅವಳೇ. ರಸೀದಿ ಕೇಳಿರಲಿಲ್ಲ. ಗುರುತಿನ ಚೀಟಿಯನ್ನೂ ನೋಡಿರಲಿಲ್ಲ. ಖಾತೆ ತೆರೆಯಲೇ ಇಲ್ಲ, ಆ ಯುವಕ ಮತ್ತೆ ಬರಲೂ ಇಲ್ಲ, ಎಲ್ಲರೂ ಮರೆತರು.

"ಏನಾತ್ರೀ ಅಕ್ಕಾರ?" ಎಂದು ಜಟ್ಟೆಪ್ಪ ಕೇಳಿದ. ಅವಳು ಲಕೋಟೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. ಶೀತಲ್ ಕೊಟ್ಟ ಚಹಾ ಆರಿತು. ವಾಪಸು ಬರುವಾಗ ಬಸ್ಸಿನಲ್ಲಿ, ಅವನ ಮುಖ ನೋಡದೆ ಎಲ್ಲವನ್ನೂ ಹೇಳಿದಳು. ಅವನು, "ನೀವು ಬೇಕಂತ ಕೊಟ್ಟೀರೇನ್ರಿ" ಅಂದ. ಆ ಮಾತಿನಿಂದ ಅವಳಿಗೆ ಸಮಾಧಾನವೇನೂ ಆಗಲಿಲ್ಲ.

ಸೋಮವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ವಿಮಲಾಕ್ಷಿ ಬೆಂಚಿನ ಪಕ್ಕ ನಿಂತು ತಟ್ಟೆ ಬಡಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಅಲ್ಲಿ ಮಾತಾಡಿದ್ದೇ ಇಲ್ಲ.

"ಮೂರು ವರ್ಷದ ಹಿಂದೆ ನಿಮ್ಮ ಕಾಗದ ಪತ್ರ ಒಬ್ಬ ಕಳ್ಳನ ಕೈಗೆ ಕೊಟ್ಟವಳು ನಾನು. ನಂಗೆ ಗೊತ್ತಿರ್ಲಿಲ್ಲ, ಆದ್ರೆ ಕೇಳಿ ತಿಳ್ಕೋಬೇಕಿತ್ತು, ಕೇಳ್ಲಿಲ್ಲ. ಅವನು ನಮ್ಮ ಹೆಸರಲ್ಲಿ ಸಾಲ ತಗೊಂಡಾನ. ನಿಮ್ಮಲ್ಲಿ ಎಷ್ಟು ಜನ ಹೆದರಿ ಬಾಯಿ ಮುಚ್ಕೊಂಡು ಕಟ್ತಾ ಇದ್ದೀರೋ ನಂಗೆ ಗೊತ್ತಿಲ್ಲ. ಇವತ್ತಿಂದ ಒಂದು ಪೈಸೆ ಕಟ್ಟಬೇಡ್ರಿ. ಕಟ್ಟಿದ್ರೆ ಸಾಲ ನಮ್ಮದೇ ಅಂತ ಒಪ್ಪಿದ ಹಾಗೆ."

ಹಿಂದಿನಿಂದ ಯಾರೋ, "ಕಾಗ್ದ ಕೊಟ್ಟಿದ್ದೂ ನೀವೇ, ಈಗ ಬುದ್ಧಿ ಹೇಳೋದೂ ನೀವೇನಾ?" ಅಂದರು.

"ಹೌದು. ಬೈಯ್ಯೂದಿದ್ರ ಬೈರಿ, ತಪ್ಪು ನಂದು. ಬೈದ ಮೇಲೆ ಲಕೋಟೆ ಇಸ್ಕೊಂಡು ಹೋಗ್ರಿ." ಉಳಿದ ಹತ್ತು ಜನರ ಲಕೋಟೆಗಳನ್ನೂ ಬಿಚ್ಚದೆ, ಹೆಸರು ಕರೆದು ಕರೆದು ಕೈಗೆ ಕೊಟ್ಟಳು.

ಆ ಸಂಜೆ ಐವರು, ದೂರಿಗೆ ತಾವೂ ಸೇರುತ್ತೇವೆ ಎಂದು ಲಕೋಟೆ ಹಿಡಿದು ಕಿಟಕಿಗೆ ಬಂದರು, ಮರುದಿನ ಉಳಿದವರು. ಕಾರ್ಖಾನೆಯ ಮ್ಯಾನೇಜರು ಕರೆದು, "ನಮ್ಮ ಕಂಪನಿ ಹೆಸರು ಎಳೀಬೇಡ" ಎಂದರು. ಹಾಗಾದರೆ ಆಡಳಿತ ಕಚೇರಿಯ ಆ ಚೀಟಿಯ ಪ್ರತಿ ಕೊಡಿ, ಯಾರು ಹೇಳಿದ್ದಕ್ಕೆ ಕಾಗದ ಕೊಟ್ಟೆ ಎಂದು ಅದೇ ಹೇಳುತ್ತದೆ, ನಾನು ಹೆಸರು ಎಳೆಯುವುದಿಲ್ಲ ಎಂದಳು. ಚೀಟಿ ಸಿಗುತ್ತಿಲ್ಲ ಎಂದು ಕಚೇರಿಯವರು ಹೇಳಿದರು. ಆದರೆ ಅವಳ ಕಪಾಟಿನಲ್ಲಿ ಅದರ ಮೂಲವೇ ಇತ್ತು.

ಕಾರ್ಡಿನ ಬ್ಯಾಂಕಿನ ಕಚೇರಿಗೆ ನಾಲ್ಕು ಸಲ ಹೋದ ಮೇಲೆ ಹನ್ನೊಂದು ಜನರ ಅರ್ಜಿಗಳ ಪ್ರತಿ ಸಿಕ್ಕಿತು. ವಿಮಲಾಕ್ಷಿ ಎಂಬ ಹೆಸರಿನ ಪಕ್ಕದಲ್ಲಿ ಅಂಟಿಸಿದ ಫೋಟೋ ಬೇರೊಬ್ಬ ಹೆಂಗಸಿನದು. ಮೂವತ್ತು ದಾಟಿರದ ಮುಖ, ಸಣ್ಣ ನಗು, ಸೊಗಸಾಗಿ ಬಾಚಿದ ತಲೆ. ವಿಮಲಾಕ್ಷಿ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಯಾರು ಇವಳು, ಇವಳಿಗಾದರೂ ತನ್ನ ಫೋಟೋ ಇಲ್ಲಿರುವುದು ಗೊತ್ತೋ ಇಲ್ಲವೋ ಅನ್ನಿಸಿತು. ಕೆಳಗೆ ಬ್ಯಾಂಕಿನ ಪರಿಶೀಲಕನ ಷರಾ ಇತ್ತು: ಸೆಪ್ಟೆಂಬರ್ ಹದಿನಾಲ್ಕು, ೨೦೦೫, ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಹೊರಮಾವಿನ ಮನೆಗೆ ಭೇಟಿ ಕೊಟ್ಟು ಅರ್ಜಿದಾರರನ್ನು ಖುದ್ದು ಕಂಡಿದ್ದೇನೆ.

ಆ ದಿನ ಬುಧವಾರ. ವಿಮಲಾಕ್ಷಿ ಕಾರ್ಖಾನೆಯ ಹಳೆಯ ಕಾರ್ಡುಗಳ ಕಟ್ಟು ಬಿಚ್ಚಿದಳು. ಅವಳ ಕಾರ್ಡಿನಲ್ಲಿ ಬೆಳಿಗ್ಗೆ ಆರು ಐವತ್ತೆರಡು, ಮಧ್ಯಾಹ್ನ ಮೂರು ಮೂವತ್ತೈದು ಎಂದು ಒತ್ತಿತ್ತು. ಜಟ್ಟೆಪ್ಪನನ್ನು ಖುದ್ದು ಕಂಡೆ ಎಂದು ಪರಿಶೀಲಕ ಬರೆದ ದಿನವೂ ಅವನು ಕುಲುಮೆಯ ಮುಂದೆ ಇದ್ದ. ಹನ್ನೊಂದು ಜನರ ಕಾರ್ಡನ್ನೂ ತೆಗೆದಳು. ಒಬ್ಬರೂ ರಜೆಯಲ್ಲಿರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಪಡೆದಳು. ಬ್ಯಾಂಕಿಗೆ ಹನ್ನೊಂದು ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು. ಜೆರಾಕ್ಸಿಗೆ ಶಿವಾಜಿನಗರದ ಅಕ್ತರನ ಅಂಗಡಿ. ಅಲ್ಲಿ ಎಂಟಾಣೆಗೆ ಒಂದು ಪ್ರತಿ. ಅಂಗಡಿಯ ಮೂಲೆಯಲ್ಲಿ ಕೆಟ್ಟ ಪ್ರತಿಗಳ ರಾಶಿ ಬಿದ್ದಿತ್ತು: ಯಾರದೋ ಪಾಸ್‌ಪೋರ್ಟು, ಯಾರದೋ ಅಂಕಪಟ್ಟಿ, ಮೇಲೆ ಮುಖ ಕಾಣುವ ಹಾಗೆ ಪ್ಯಾನ್ ಕಾರ್ಡು.

"ಇವನ್ನ ಏನು ಮಾಡ್ತೀಯಪ್ಪಾ?"

"ಕೆಜಿ ಲೆಕ್ಕ ರದ್ದಿಗೆ ಹಾಕ್ತೀನಿ ಅಕ್ಕಾ. ಬೋಂಡಾ ಅಂಗ್ಡಿಯೋರು ತಗೋತಾರೆ."

"ಹರಿದು ಹಾಕು. ಹರೀದಿದ್ರೆ ನಾನಿಲ್ಲೇ ಕೂತು ಹರೀತೀನಿ."

"ಅಕ್ಕಾ, ಗಿರಾಕಿ ಟೈಮು..." ಅಕ್ತರ್ ಗೊಣಗಿದ. ಅವಳು ಸ್ಟೂಲು ಎಳೆದುಕೊಂಡು ಕೂತು ನಿಜಕ್ಕೂ ಹರಿಯತೊಡಗಿದಳು. ಸ್ವಲ್ಪ ಹೊತ್ತು ನೋಡಿ ಅವನೂ ಪಕ್ಕದಲ್ಲಿ ಕೂತ.

ಒಂದು ತಿಂಗಳು ಬ್ಯಾಂಕಿನಿಂದ ಉತ್ತರವಿರಲಿಲ್ಲ. ರಿಸರ್ವ್ ಬ್ಯಾಂಕಿನ ಕಟ್ಟಡದಲ್ಲಿ ಗಿರಾಕಿಗಳ ದೂರು ಕೇಳುವ ಲೋಕಪಾಲರ ಕಚೇರಿ ಇದೆಯೆಂದು ರವಿಕಿರಣ ಹೇಳಿದ್ದ. ತಿಂಗಳು ತುಂಬಿದ ಮರುದಿನವೇ ಅಲ್ಲಿಗೆ ಹನ್ನೊಂದು ದೂರು ಹೋದವು. ಆಮೇಲೆ ಬ್ಯಾಂಕು ಚುರುಕಾಯಿತು. ದೂರು ವಿಭಾಗದ ಶಿವಶರಣ ಎಂಬ ಅಧಿಕಾರಿ ಅವಳನ್ನು ಕರೆಸಿಕೊಂಡು, ಕಾಫಿ ತರಿಸಿ, ಒಂದು ಪತ್ರವನ್ನು ಮುಂದಿಟ್ಟರು. ಮುಗುಳ್ನಗುತ್ತಿದ್ದರು.

"ನೋಡ್ರಿ, ನಾನೂ ನಿಮ್ಮ ಕಡೆಯವನೇ, ಕಲಬುರಗಿ. ಮ್ಯಾನೇಜ್‌ಮೆಂಟ್ ಜೊತೆ ಜಗಳ ಮಾಡಿ ತಂದೀನಿ. ಪೂರ್ತಿ ಬಾಕಿ ಮನ್ನಾ. ಒಂದು ರೂಪಾಯಿ ಕಟ್ಟಬೇಕಿಲ್ಲ. ಸೌಹಾರ್ದಕ್ಕಾಗಿ ಮನ್ನಾ ಮಾಡಿದೆ ಅಂತ ಬರದೈತಿ. ಒಂದು ಸಹಿ ಹಾಕ್ರಿ, ಮುಗೀತು."

ವಿಮಲಾಕ್ಷಿ ಪತ್ರವನ್ನು ಎರಡು ಸಲ ಓದಿದಳು. ಕೆ.ಆರ್. ಪುರದ ಮನೆಯವರು ಹಿಂದಿನ ದಿನವಷ್ಟೇ ಹೇಳಿ ಕಳಿಸಿದ್ದರು: ಈ ವಾರದೊಳಗೆ ಹಣ ಹೊಂದಿಸದಿದ್ದರೆ ಬೇರೆಯವರಿಗೆ ಕೊಡುತ್ತೇವೆ. ಸಹಿ ಹಾಕಿದರೆ ಇವತ್ತೇ ಓಡಿಹೋಗಿ ರವಿಕಿರಣನಿಗೆ ತೋರಿಸಬಹುದಿತ್ತು. ಆ ನಲ್ಲಿಯ ನೀರು ಕಣ್ಣ ಮುಂದೆ ಬಂತು. ಪತ್ರವನ್ನು ಮಡಚಿ ಅವರ ಕಡೆಗೇ ತಳ್ಳಿದಳು.

"ಮನ್ನಾ ಯಾರಿಗೆ ಮಾಡ್ತಾರ್ರಿ? ಸಾಲ ತಗೊಂಡವ್ರಿಗೆ. ನಾ ತಗೊಂಡಿಲ್ಲ. ನಿಮ್ಮ ಮನುಷ್ಯ ನಾ ಇಲ್ಲದ ಮನಿಗೆ ಹೋಗಿ ನನ್ನ ಕಂಡೆ ಅಂತ ಬರದಾನ. ಅದನ್ನ ಬರೀರಿ. ಈ ಸಾಲ ಇವಳದಲ್ಲ, ನಮ್ಮ ತಪ್ಪಿನಿಂದ ಇವಳ ಹೆಸರಿಗೆ ಬಿದ್ದದ, ಕಡತದಿಂದ ತೆಗೆಸ್ತೀವಿ ಅಂತ ಬರೀರಿ."

"ಹಂಗೆಲ್ಲ ಬ್ಯಾಂಕು ಬರೆಯೂದಿಲ್ರಿ ಅಕ್ಕಾರ."

"ನನ್ನ ಕಡೆಯವ್ರು ಅಂದ್ರಲ್ಲ, ನಿಜ ಬರೀಲಿಕ್ಕೆ ಏನು ತೊಂದರೆ? ಮತ್ತ, ನನ್ನದೊಂದ ಅಲ್ಲ. ಹನ್ನೊಂದು ಪತ್ರ ಬೇಕು."

ಕಾಫಿಯನ್ನು ಮುಟ್ಟದೆ ಎದ್ದು ಬಂದಳು. ಊರಿನಿಂದ ಅಣ್ಣ ಫೋನಿನಲ್ಲಿ ಬೈದ: "ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರ, ಇಲ್ಲಿ ಪೂಜಾರಿ ಕೊಟ್ಟರೂ ನೀ ಒಲ್ಲೆ ಅಂತೀಯಲ್ಲ!" ಆ ವಾರ ಮನೆ ಕೈಬಿಟ್ಟು ಹೋಯಿತು. ಶನಿವಾರ ಬಟ್ಟೆ ಒಗೆಯುತ್ತ ವಠಾರದ ಕಲ್ಲಿನ ಮುಂದೆ ಸ್ವಲ್ಪ ಅತ್ತಳು, ಸರದಿ ಬಂದದ್ದರಿಂದ ಕೊಡ ಹಿಡಿದು ಎದ್ದಳು.

ಎರಡು ತಿಂಗಳ ನಂತರ ಲೋಕಪಾಲರ ಮುಂದೆ ಎರಡೂ ಕಡೆಯವರನ್ನು ಕರೆದರು. ವಿಮಲಾಕ್ಷಿ ಹೊತ್ತು ಒತ್ತಿದ ಹಾಜರಿ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಪ್ರತಿಯೊಂದರ ಪಕ್ಕದಲ್ಲಿ ಪರಿಶೀಲಕನ ಷರಾ ಇಟ್ಟಳು. ಹೆಚ್ಚು ಮಾತು ಬೇಕಾಗಲಿಲ್ಲ. ಬ್ಯಾಂಕಿನ ವಕೀಲರು ನಾಲ್ಕನೆಯ ಕಾರ್ಡಿನ ಹೊತ್ತಿಗೆ ಕನ್ನಡಕ ತೆಗೆದಿಟ್ಟರು.

ಹನ್ನೊಂದು ಪತ್ರಗಳು ಬಂದವು. ಅವಳು ಹೇಳಿದ ಮಾತು ಹಾಗೆಹಾಗೇ ಇರಲಿಲ್ಲ, 'ತಪ್ಪು' ಎಂಬ ಶಬ್ದವನ್ನು ಹೇಗೋ ತಪ್ಪಿಸಿದ್ದರು. ಆದರೆ 'ಈ ಸಾಲ ಇವರು ಪಡೆದದ್ದಲ್ಲ' ಎಂದಿತ್ತು. ಅಷ್ಟಕ್ಕೆ ಒಪ್ಪಿದಳು. ಮತ್ತೆ ಮೂರು ತಿಂಗಳು ಕಾದು ತನ್ನ ಕಡತದ ಪ್ರತಿಯನ್ನು ಇನ್ನೊಮ್ಮೆ ತರಿಸಿ ನೋಡಿದಳು. ಕಾರ್ಡು ಹೋಗಿತ್ತು, ಸಾಲವೂ ಹೋಗಿತ್ತು, ಹೊರಮಾವಿನ ವಿಳಾಸ ಮಾತ್ರ ಹಾಗೇ ಇತ್ತು. ಅದಕ್ಕೆ ಇನ್ನೊಂದು ಪತ್ರ ಬರೆದು ತೆಗೆಸಿದಳು. ವಿಳಾಸ ಉಳಿದರೆ ನಾಳೆ ಇನ್ನೊಂದು ಕಾರ್ಡು ಅಲ್ಲಿಗೇ ಹೋಗುತ್ತದಲ್ಲ.

ಟೈ ಕಟ್ಟಿದ ಯುವಕ ಸಿಗಲಿಲ್ಲ. ಫೋಟೋದ ಹೆಂಗಸು ಯಾರೆಂದೂ ತಿಳಿಯಲಿಲ್ಲ. ಅಂದಿನಿಂದ ವಿಮಲಾಕ್ಷಿ ಯಾರಿಗೆ ಯಾವ ಜೆರಾಕ್ಸ್ ಕೊಟ್ಟರೂ ಅಕ್ಷರಗಳ ಮೇಲೆಯೇ ಅಡ್ಡಲಾಗಿ ಬರೆಯುತ್ತಾಳೆ: 'ಗ್ಯಾಸ್ ಸಂಪರ್ಕಕ್ಕೆ ಮಾತ್ರ', 'ಫೋನ್ ಸಂಪರ್ಕಕ್ಕೆ ಮಾತ್ರ', ಕೆಳಗೆ ತಾರೀಖು, ಸಹಿ. ಗ್ಯಾಸ್ ಏಜೆನ್ಸಿಯವನು ಒಮ್ಮೆ, "ಗೀಚಿದ್ದನ್ನ ತಗೊಳ್ಳಲ್ಲ ಮೇಡಂ, ಕ್ಲೀನಾಗಿರೋದು ಕೊಡಿ" ಎಂದ. "ಕ್ಲೀನಾಗಿರೋದು ಕೊಟ್ಟೇ ಕೆಟ್ಟಿದ್ದು ನಾನು. ತಗೊಳ್ಳಲ್ಲ ಅಂತ ಬರೆದುಕೊಡಿ" ಅಂದಳು. ಅವನು ತೆಗೆದುಕೊಂಡ. ಕಾರ್ಖಾನೆಯಲ್ಲಿ ಹೊರಗಿನವರು ಯಾರೇ ಮೇಜು ಹಾಕಬೇಕಾದರೂ ಅವಳ ಕಿಟಕಿಯಲ್ಲಿ ಗುರುತಿನ ಚೀಟಿ ತೋರಿಸಿ, ಪಡೆದ ಕಾಗದಗಳಿಗೆಲ್ಲ ರಸೀದಿ ಕೊಟ್ಟೇ ಹೋಗಬೇಕು. ಮೂವತ್ತೆರಡರಲ್ಲಿ ಉಳಿದ ಇಪ್ಪತ್ತೊಂದು ಜನರ ಕಡತಗಳನ್ನೂ ವರ್ಷಕ್ಕೊಮ್ಮೆ ತರಿಸಿ ನೋಡುವಂತೆ ಬೆನ್ನು ಹತ್ತಿದ್ದಾಳೆ.

೨೦೦೯ರ ಕೊನೆಗೆ ಅವಳ ಗೃಹಸಾಲ ಮಂಜೂರಾಯಿತು. ಮನೆ ಕೆ.ಆರ್. ಪುರದಲ್ಲೇ, ಮೊದಲಿನದಕ್ಕಿಂತ ಚಿಕ್ಕದು, ಬೆಲೆ ಮಾತ್ರ ಹೆಚ್ಚು.

ಜಟ್ಟೆಪ್ಪನ ಮಗಳ ಮದುವೆ ಆಯಿತು. ಓಣಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅವನು ಹೆದರಿ ಕಟ್ಟಿದ್ದ ಹದಿನಾಲ್ಕು ಕಂತುಗಳಲ್ಲಿ ಹನ್ನೊಂದನ್ನು ಬ್ಯಾಂಕು ಹಿಂದಿರುಗಿಸಿತು. ಮೂರಕ್ಕೆ ವಸೂಲಿಯವರು ರಸೀದಿಯನ್ನೇ ಕೊಟ್ಟಿರಲಿಲ್ಲವಾದ್ದರಿಂದ ಲೆಕ್ಕದಲ್ಲಿಲ್ಲ ಎಂದರು. "ಹೋಗ್ಲಿ ಬಿಡ್ರಿ ಅಕ್ಕಾರ, ಬಂದಿದ್ದೇ ದೊಡ್ಡದು" ಅಂದ ಜಟ್ಟೆಪ್ಪ. ಅವಳು ಬಿಡಲಿಲ್ಲ. ರಿಜಿಸ್ಟರಿನಲ್ಲಿ ಬರೆದುಕೊಂಡಿದ್ದ ಬೈಕಿನ ನಂಬರನ್ನು ಸೇರಿಸಿ ಆ ಮೂರು ಕಂತಿಗಾಗಿ ಬ್ಯಾಂಕಿಗೆ ಪತ್ರ ಬರೆದಳು. ಉತ್ತರ ಬರಲಿಲ್ಲ. ಮೂರು ತಿಂಗಳಿಗೊಮ್ಮೆ ಮತ್ತೆ ಬರೆಯುತ್ತಾಳೆ. ಈಚಿನದು ಆರನೆಯ ಪತ್ರ.